ಬಂದರೆ, ಬಂದಿದ್ದರೆ, ಬಂದರೂ

ಕನ್ನಡದಲ್ಲಿ ‘ರೆ’ ಎಂಬ ಒಂದಕ್ಷರದ ಪ್ರತ್ಯಯವಿದೆ. ಬಂದರೆ, ಬಿಟ್ಟರೆ, ತುಂಬಿದರೆ. ವಿಜಯಪುರ ಸೀಮೆಯ ಬಾಯಲ್ಲಿ ಅದೇ ಬಂದ್ರ, ಬಿಟ್ರ, ತುಂಬಿದ್ರ ಆಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಎರಿ ಹೊಲಗಳಲ್ಲಿ ಒಕ್ಕಲುತನ ನಿಂತಿರುವುದೇ ಈ ಪ್ರತ್ಯಯದ ಮೇಲೆ. ಮೃಗಶಿರಾ ಮಳೆ ಸುರಿದರೆ ಹೆಸರು, ತೊಗರಿ. ಮುಂಗಾರು ಕೈಕೊಟ್ಟರೆ ಹೊಲ ಹರಗಿ ಇಟ್ಟುಕೊಂಡು ಹಸ್ತ, ಚಿತ್ತಾ ಮಳೆಯ ಹಸಿಗೆ ಬಿಳಿಜೋಳ, ಕಡಲೆ. ಅದೂ ತಪ್ಪಿದರೆ ದನಕ್ಕೆ ಮೇವು ಎಲ್ಲಿಂದ ಎಂಬ ಲೆಕ್ಕ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನು, ಅದೂ ಯಾವ ವಾರ ಬರುತ್ತದೆಂಬ ಖಾತ್ರಿ ಇಲ್ಲದ ಮಳೆಯನ್ನು ನಂಬಿ ಬದುಕುವವರು ಒಂದೇ ಭವಿಷ್ಯವನ್ನು ಎಣಿಸಿ ಕೂಡುವುದಿಲ್ಲ. ನಾಲ್ಕಾರು ಭವಿಷ್ಯಗಳನ್ನು ಒಟ್ಟಿಗೇ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಸರ್ಕಾರವೂ ಇದನ್ನು ಒಪ್ಪಿದೆ. ದೇಶದ ಜಿಲ್ಲೆ ಜಿಲ್ಲೆಗೂ ಸಿದ್ಧವಾಗಿರುವ ಕೃಷಿ ಆಕಸ್ಮಿಕ ಯೋಜನೆಗಳು ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ನಾಲ್ಕು ವಾರವಾದರೆ ಏನು, ಆರಾದರೆ ಏನು, ಎಂಟಾದರೆ ಏನು ಎಂದು ಒಂದೊಂದಾಗಿ ಹೇಳುತ್ತವೆ. ಇದೇ ಬಗೆಯ ಲೆಕ್ಕವನ್ನು ಒಂದು ಹೊಲದ ಬದಲು ಇಡೀ ನದಿಗೆ, ಅಣೆಕಟ್ಟಿಗೆ, ಕಾಲುವೆಯ ಜಾಲಕ್ಕೆ ಕಂಪ್ಯೂಟರಿನಲ್ಲಿ ಮಾಡಿ ನೋಡುವುದಕ್ಕೆ ಸನ್ನಿವೇಶ ಆಧಾರಿತ ಸಿಮ್ಯುಲೇಷನ್ ಎನ್ನುತ್ತಾರೆ. ನೀರು ಹರಿಯುವ ಬಗೆಯನ್ನು ಲೆಕ್ಕದ ರೂಪದಲ್ಲಿ ಕಟ್ಟಿಟ್ಟು, ‘ಹೀಗಾದರೆ ಏನಾದೀತು’ ಎಂದು ಮತ್ತೆ ಮತ್ತೆ ಕೇಳುವ ತಂತ್ರಾಂಶ ಅದು. ಅಂಥ ತಂತ್ರಾಂಶವನ್ನು ಹೇಗೆ ಕಟ್ಟಬೇಕು ಎಂಬುದು ಎಂಜಿನಿಯರುಗಳ ಕೋಣೆಯೊಳಗಿನ ಮಾತು ಮಾತ್ರ ಆಗಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಅದನ್ನೇ ಇಂದು ವಿವರಿಸುತ್ತೇನೆ.

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ. ಬಸವನಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ. ನಡುವೆ, ಉಕ್ಕಿದರೆ ಓಣಿಯೆಲ್ಲ ಕಾಳು ತುಂಬಿಸುತ್ತದೆಂದು ಗಾದೆಯಲ್ಲಿ ಹೊಗಳಿಸಿಕೊಂಡ, ಉಕ್ಕಿದಾಗ ಬೆಳೆಯನ್ನೂ ದಾರಿಯನ್ನೂ ನುಂಗುವ ಡೋಣಿ. 1964ರ ಮೇ 22ರಂದು ಲಾಲ್‌ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಹಳೆಯ ಬಸವನಬಾಗೇವಾಡಿ ತಾಲ್ಲೂಕಿನದು. ಅದರ ಕೆಳಗೆ ನಾರಾಯಣಪುರದ ಬಸವಸಾಗರ ಜಲಾಶಯ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯ ಒಂದು ಟೊಂಗೆಯೇ ಇಂಡಿ ಶಾಖಾ ಕಾಲುವೆ, ಸುಮಾರು 170 ಕಿಲೋಮೀಟರ್ ಉದ್ದ. ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ನೀರೆತ್ತುತ್ತವೆ, ಕೆರೆ ತುಂಬಿಸುತ್ತವೆ. ಕೂಡಗಿಯ ವಿದ್ಯುತ್ ಸ್ಥಾವರಕ್ಕೂ ಇದೇ ನೀರು, ಊರೂರಿನ ಕುಡಿಯುವ ನೀರಿಗೂ ಇದೇ. ಒಂದು ಗೇಟನ್ನು ಎಷ್ಟು ಎತ್ತಬೇಕು, ಯಾವ ದಿನ ಎತ್ತಬೇಕು ಎಂಬ ತೀರ್ಮಾನ ಮೇಲೆ ಸಾಂಗ್ಲಿಯವರೆಗೆ ಚರ್ಚೆಯಾಗುತ್ತದೆ, ಕೆಳಗೆ ಇಂಡಿಯ ಕೊನೆಯ ಹೊಲದವರೆಗೆ ಫಲ ಕೊಡುತ್ತದೆ ಅಥವಾ ಕೊಡದೆ ಹೋಗುತ್ತದೆ. ಇಷ್ಟು ತೊಡಕಿನ ಹೆಣಿಗೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಸಿಮ್ಯುಲೇಷನ್ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಎಂಥದು ಬೇಕು ಎಂಬುದಷ್ಟೇ ಪ್ರಶ್ನೆ.

ನನ್ನ ವಾದ ಇದು. ಇಂಥ ತಂತ್ರಾಂಶದ ಬೆಲೆ ಅದು ಕೊಡುವ ಉತ್ತರದಲ್ಲಿರುವುದಕ್ಕಿಂತ ಅದು ಯಾವ ಯಾವ ‘ರೆ’ಗಳ ಮೇಲೆ ನಿಂತಿದೆ ಎಂಬುದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಬಿಚ್ಚಿಡುವುದರಲ್ಲಿದೆ. ವ್ಯಾಕರಣಕ್ಕೆ ‘ಮಳೆ ಬಂದರೆ’ ಎಂಬುದೂ ‘ಗೇಟು ಎತ್ತಿದರೆ’ ಎಂಬುದೂ ಒಂದೇ. ಬದುಕಿನಲ್ಲಿ ಅವು ಒಂದೇ ಅಲ್ಲ. ಮೊದಲನೆಯದು ನಿಸರ್ಗದ ಕೈಯಲ್ಲಿದೆ, ಎರಡನೆಯದು ನಮ್ಮ ಕೈಯಲ್ಲಿದೆ. ಇವೆರಡರ ಆಚೆಗೆ ಮೂರನೆಯದೊಂದು ಇದೆ, ಅದನ್ನು ಮರೆಯುವುದೇ ಹೆಚ್ಚು: ಇನ್ನೊಬ್ಬರ ಕೈಯಲ್ಲಿರುವ ‘ರೆ’. ಭೀಮೆಯ ಮೇಲೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಂಡಿ, ಸಿಂದಗಿಯ ನದಿದಂಡೆಯ ಹಳ್ಳಿಗಳು ಊರು ಬಿಡಬೇಕಾಗುತ್ತದೆ; 2020ರ ಅಕ್ಟೋಬರ್‌ನಲ್ಲಿ ಭೀಮೆ ಹಾಗೆ ಉಕ್ಕಿ ಬಂದಾಗ ಆ ಊರುಗಳು ಇದನ್ನು ಕಂಡವು. ಆ ಬಿಡುಗಡೆ ಮಳೆಯೂ ಅಲ್ಲ, ನಮ್ಮ ತೀರ್ಮಾನವೂ ಅಲ್ಲ. ಈ ಮೂರನ್ನೂ ಒಂದೇ ಅಂಕಿಯೊಳಗೆ ಕಲಸಿಬಿಟ್ಟ ತಂತ್ರಾಂಶ ‘ಈ ವರ್ಷ ಪ್ರವಾಹ ಬರುತ್ತದೆ’ ಎಂದೋ ‘ನೀರು ಸಾಲುವುದಿಲ್ಲ’ ಎಂದೋ ಹೇಳೀತು. ಏಕೆ ಎಂದು ಕೇಳಿದವರಿಗೆ ಅದರ ಬಳಿ ಉತ್ತರ ಇರುವುದಿಲ್ಲ, ಯಾರು ಏನು ಬದಲಿಸಿದರೆ ಫಲ ಬದಲಾದೀತು ಎಂದು ತೋರಿಸಲೂ ಅದಕ್ಕೆ ಬರುವುದಿಲ್ಲ. ಹೀಗಾಗಿ ತಂತ್ರಾಂಶ ಕಟ್ಟುವವರು ಮೊದಲ ದಿನವೇ ಮೂರು ಬೇರೆ ಖಾನೆಗಳನ್ನು ಮಾಡಿಕೊಳ್ಳಬೇಕು. ಆಮೇಲೆ ಸೇರಿಸಿಕೊಂಡರಾಯಿತು ಎನ್ನುವ ಕೆಲಸ ಇದಲ್ಲ, ಅಡಿಪಾಯದ್ದು.

ಹೀಗೆ ಬಿಡಿಸಿ ನೋಡುವುದರಿಂದ ಆಗುವ ಲಾಭಕ್ಕೆ ಕೃಷ್ಣಾ ನದಿಯ ನೀರನ್ನು ರಾಜ್ಯಗಳ ನಡುವೆ ಹಂಚಿದ ನ್ಯಾಯಮಂಡಳಿಗಳ ಅಂಕಿಗಳಿಗಿಂತ ಒಳ್ಳೆಯ ಪುರಾವೆ ಬೇಕಿಲ್ಲ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವನ್ನು ನೋಡಿ, ನೂರಕ್ಕೆ 75 ವರ್ಷ ಸಿಗುವ ನೀರು 2,060 ಟಿಎಂಸಿ ಅಡಿ ಎಂದು ಹಿಡಿದು ಹಂಚಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಕೊನೆಗೆ ತೀರ್ಪು ಕೊಟ್ಟಾಗ 1961-62ರಿಂದ 2007-08ರವರೆಗಿನ 47 ವರ್ಷಗಳನ್ನು ತೆಗೆದುಕೊಂಡಿತು. ನೂರಕ್ಕೆ 65 ವರ್ಷ ಸಿಗುವ ನೀರನ್ನು ಲೆಕ್ಕಕ್ಕೆ ಹಿಡಿದು 2,293 ಟಿಎಂಸಿ ಅಡಿ ಎಂದಿತು. ನದಿ ಅದೇ, ಅಂಕಿಯಲ್ಲಿ 233 ಟಿಎಂಸಿ ಅಡಿ ಅಂತರ. ಇದು ಎಲ್ಲಿಂದ ಬಂತು? ಹೊಸ 47 ವರ್ಷಗಳ ಸಾಲಿನಲ್ಲೂ ಹಳೆಯ ಶೇ 75ರ ಅಳತೆಯನ್ನೇ ಇಟ್ಟರೆ ಸಿಗುವ ಅಂಕಿ 2,173. ಅಂದರೆ ಅಂತರದಲ್ಲಿ 113 ಟಿಎಂಸಿ ಅಡಿ ಯಾವ ವರ್ಷಗಳನ್ನು ನೋಡಿದೆವು ಎಂಬುದರಿಂದ ಬಂದದ್ದು. ಉಳಿದ 120 ಎಷ್ಟು ವರ್ಷ ನೀರು ತಪ್ಪಿದರೂ ಸಹಿಸಿಕೊಳ್ಳಬಹುದು ಎಂದು ನಾವು ತೀರ್ಮಾನಿಸಿದ್ದರಿಂದ ಬಂದದ್ದು. ಮೊದಲನೆಯದು ದಾಖಲೆಯ ಮಾತು. ಎರಡನೆಯದು ಮೌಲ್ಯದ ಮಾತು, ನಾಲ್ಕು ವರ್ಷಕ್ಕೊಮ್ಮೆ ತಪ್ಪಿದರೆ ತಾಳಬಹುದೋ ಮೂರು ವರ್ಷಕ್ಕೊಮ್ಮೆ ತಪ್ಪಿದರೂ ತಾಳಬಹುದೋ ಎಂಬ ಪ್ರಶ್ನೆ. ಇದನ್ನು ಯಾವ ಸಾಫ್ಟ್‌ವೇರೂ ತಾನಾಗಿ ನಿರ್ಧರಿಸಬಾರದು. ಶೇ 75 ಎಂಬುದನ್ನು ಪ್ರೋಗ್ರಾಮಿನ ಒಳಗೆ ಯಾರಿಗೂ ಕಾಣದಂತೆ ಬರೆದಿಟ್ಟರೆ, ಸಾವಿರಾರು ಹೊಲಗಳ ಪಾಲನ್ನು ಒಬ್ಬ ಪ್ರೋಗ್ರಾಮರ್ ಗೊತ್ತಿಲ್ಲದೆ ತೀರ್ಮಾನಿಸಿದಂತಾಗುತ್ತದೆ. ಅದು ಪರದೆಯ ಮೇಲೆ, ಬದಲಿಸಬಹುದಾದ ಅಂಕಿಯಾಗಿ, ಅದರ ಅರ್ಥದ ಜೊತೆಗೆ ಎದ್ದು ಕಾಣಬೇಕು.

ಈಗ ಗೇಟಿನ ಹತ್ತಿರ ಹೋಗಿ ಒಂದು ಲೆಕ್ಕವನ್ನು ಕೈಯಾರೆ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ಗುಣಾಕಾರ ನಿಜವಾದದ್ದು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಅಡಿ ಆಗುತ್ತದೆ. ಆಗಸ್ಟ್ ತಿಂಗಳಲ್ಲಿ ಆಲಮಟ್ಟಿ ತುಂಬಲು 20 ಟಿಎಂಸಿ ಅಡಿ ಬಾಕಿ ಇದೆ ಎಂದುಕೊಳ್ಳಿ. ಮೇಲಿನಿಂದ 3 ಲಕ್ಷ ಕ್ಯೂಸೆಕ್ ಬರುತ್ತಿದೆ, ಕೆಳಗೆ 2 ಲಕ್ಷ ಬಿಡುತ್ತಿದ್ದಾರೆ. ದಿನಕ್ಕೆ 8.64ರಂತೆ ಏರಿ ಸುಮಾರು 55 ತಾಸಿನಲ್ಲಿ ಜಲಾಶಯ ತುಂಬುತ್ತದೆ. ಎರಡೂವರೆ ಲಕ್ಷ ಬಿಟ್ಟರೆ ಅದೇ ಜಾಗ ತುಂಬಲು 111 ತಾಸು ಬೇಕು. ಎರಡು ದಿನಕ್ಕೂ ಹೆಚ್ಚು ಕಾಲಾವಕಾಶ ಸಿಕ್ಕಿತು. ಹಾಗಾದರೆ ಹೆಚ್ಚು ಬಿಡುವುದೇ ಜಾಣತನವಲ್ಲವೇ ಎನ್ನಿಸುತ್ತದೆ. ಆದರೆ ಮಳೆಯ ಮುನ್ಸೂಚನೆ ತಪ್ಪಿತು, ಒಳಹರಿವು ಒಂದು ಲಕ್ಷಕ್ಕೆ ಇಳಿಯಿತು, ಗೇಟು ಮಾತ್ರ ಎರಡೂವರೆ ಲಕ್ಷಕ್ಕೇ ಇತ್ತು ಎಂದುಕೊಳ್ಳಿ. ಒಂದೇ ದಿನದಲ್ಲಿ 12.96 ಟಿಎಂಸಿ ಅಡಿ ಖಾಲಿ. ಕೆಳಗಿನ ಜಲಾಶಯವೂ ತುಂಬಿದ್ದರೆ ಅಷ್ಟೂ ನೀರು ನಮ್ಮ ಪಾಲಿಗೆ ಹೋದಂತೆಯೇ. ನಾರಾಯಣಪುರ ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಅದು ತುಂಬಿ ಹರಿದರೆ ದಿನಕ್ಕೆ 0.864 ಟಿಎಂಸಿ ಅಡಿ. ಭಾಗಿಸಿ ನೋಡಿದರೆ ಆ ಒಂದು ದಿನದ ಎಡವಟ್ಟು 15 ದಿನಗಳ ಪೂರ್ಣ ಕಾಲುವೆಯ ನೀರಿಗೆ ಸಮ. ಹಿಂಗಾರಿನಲ್ಲಿ ಕಾಲುವೆಗೆ 14 ದಿನ ಚಾಲು ಇಟ್ಟು ಕೆಲವು ದಿನ ಬಂದ್ ಮಾಡುವ ವಾರಾಬಂದಿ ಇರುತ್ತದಲ್ಲ, ಅದರ ಒಂದು ಪೂರ್ತಿ ಪಾಳಿ ಆಗಸ್ಟಿನ ಒಂದು ದಿನದಲ್ಲಿ ಕೈತಪ್ಪಿತು. ಮೇಲಿನವರ ಮನೆ ಮುಳುಗದಂತೆ ನೋಡುವುದೂ ಕೆಳಗಿನವರ ಜೋಳ ಒಣಗದಂತೆ ನೋಡುವುದೂ ಒಂದೇ ಗೇಟಿನ ಕೆಲಸವೆಂದು ಈ ಲೆಕ್ಕ ತೋರಿಸುತ್ತದೆ. ಒಳಹರಿವಿಗೆ ಒಂದೇ ಅಂಕಿ ಕೊಟ್ಟು ಒಂದೇ ಉತ್ತರ ಪಡೆದವರಿಗೆ ಇದು ಕಾಣುವುದೇ ಇಲ್ಲ. ಮೂರು ಒಳಹರಿವು, ಮೂರು ಗೇಟು ತೀರ್ಮಾನ ಇಟ್ಟು ಒಂಬತ್ತು ಫಲಗಳನ್ನು ಪಕ್ಕಪಕ್ಕದಲ್ಲಿ ತೋರಿಸುವ ತಂತ್ರಾಂಶವಿದ್ದರೆ ಗೇಟಿನ ಮುಂದೆ ನಿಂತ ಎಂಜಿನಿಯರಿಗೆ ತಾನು ಯಾವ ಅಪಾಯವನ್ನು ಯಾವುದರ ಬದಲಿಗೆ ಹೊತ್ತುಕೊಳ್ಳುತ್ತಿದ್ದೇನೆ ಎಂದು ತಿಳಿಯುತ್ತದೆ.

‘ಬಂದರೆ’ ಎಂಬುದರ ಪಕ್ಕದಲ್ಲಿ ‘ಬಂದಿದ್ದರೆ’ ಇದೆ. ಆಗಿಹೋದದ್ದನ್ನು ಕುರಿತ ಪ್ರಶ್ನೆ ಇದು. 2019ರ ಆಗಸ್ಟಿನಲ್ಲಿ ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದಾಗ ಆಲಮಟ್ಟಿಯ ಗೇಟುಗಳನ್ನು ಬೇಗ ಎತ್ತಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಕೂಗು ಎದ್ದಿತು. 2005ರಲ್ಲೂ ಅದೇ ಕೂಗು ಇತ್ತು. ಮಹಾರಾಷ್ಟ್ರ ಸರ್ಕಾರವೇ ನಂದಕುಮಾರ ವಡನೇರೆಯವರ ನೇತೃತ್ವದಲ್ಲಿ ನೇಮಿಸಿದ ಸಮಿತಿ 2020ರಲ್ಲಿ ವರದಿ ಕೊಟ್ಟು, ಆ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಆದರೂ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಅದೇ ವಾದ ಮೇಲೇಳುತ್ತದೆ. ಇದಕ್ಕೆ ರಾಜಕೀಯ ಒಂದು ಕಾರಣ ನಿಜ. ಆ ‘ಎತ್ತಿದ್ದರೆ’ ಎಂಬ ಪ್ರಶ್ನೆಯನ್ನು ಎರಡೂ ಕಡೆಯ ಸಾಮಾನ್ಯರು ಒಂದೇ ಪರದೆಯ ಮುಂದೆ ಕೂತು ಕೇಳಿ ನೋಡುವಂತೆ ಯಾರೂ ಮಾಡಿಕೊಡಲಿಲ್ಲ ಎಂಬುದು ಇನ್ನೊಂದು ಕಾರಣ ಎಂದು ನನಗನ್ನಿಸುತ್ತದೆ. ಸಮಿತಿಯ ತೀರ್ಮಾನವನ್ನು ನಂಬಬೇಕಾಗುತ್ತದೆ. ತೆರೆದ ಸಿಮ್ಯುಲೇಷನ್ನಿನಲ್ಲಾದರೆ ಅನುಮಾನ ಇದ್ದವನೇ ಗೇಟಿನ ತಾರೀಖು ಬದಲಿಸಿ ಫಲ ನೋಡಬಹುದು. ‘ಬಂದಿದ್ದರೆ’ಗೆ ಇನ್ನೂ ಒಂದು ಕೆಲಸವಿದೆ. ತಂತ್ರಾಂಶವನ್ನು ಮುಂದಿನ ವರ್ಷಕ್ಕೆ ನಂಬುವ ಮೊದಲು ಹಿಂದಿನ ವರ್ಷಗಳನ್ನು ಅದರ ಮುಂದಿಡಬೇಕು. ಯಾವ ವರ್ಷದ ದಾಖಲೆಯಿಂದ ಅದನ್ನು ಪಳಗಿಸಿದೆವೋ ಆ ವರ್ಷವನ್ನೇ ಕೇಳಿದರೆ ಅದು ಸರಿಯಾಗಿಯೇ ಹೇಳುತ್ತದೆ, ಪಾಠ ಒಪ್ಪಿಸಿದ ಹಾಗೆ. ಅದು ನೋಡದ ವರ್ಷ, ಹೊಳೆ ಉಕ್ಕಿದ್ದೊಂದು, ಬರ ಬಿದ್ದದ್ದೊಂದು ಕೊಟ್ಟು, ಎಷ್ಟು ತಪ್ಪಿತು ಎಂಬ ಅಂಕಿಯನ್ನು ಮೊದಲ ಪರದೆಯ ಮೇಲೇ ಬರೆಯಬೇಕು.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಹೇಳಬೇಕಾದದ್ದು ಕಾಲುವೆಯ ಕೊನೆಯಂಚಿನ ಮಾತು. ಮೇಲಿನಿಂದ ನೂರು ಕ್ಯೂಸೆಕ್ ನೀರು ಇಂಡಿ ಶಾಖಾ ಕಾಲುವೆಯ 170 ಕಿಲೋಮೀಟರ್ ದೂರ ಹೊರಟಿತು ಎಂದುಕೊಳ್ಳಿ. ದಾರಿಯಲ್ಲಿ ಯಾರೂ ಒಂದು ಹನಿ ತೆಗೆದುಕೊಳ್ಳಲಿಲ್ಲ. ಪ್ರತಿ 10 ಕಿಲೋಮೀಟರಿಗೆ ಶೇ 3ರಷ್ಟು ಇಂಗಿ, ಸೋರಿ, ಆವಿಯಾಗಿ ಹೋದರೆ ಕೊನೆಗೆ ಮುಟ್ಟುವುದು 60 ಕ್ಯೂಸೆಕ್. ಆ ಸೋರಿಕೆ ಶೇ 5 ಎಂದಾದರೆ ಮುಟ್ಟುವುದು 42 ಮಾತ್ರ. ಮೇಲ್ತುದಿಯಲ್ಲಿ ಗಮನಕ್ಕೇ ಬಾರದ ಎರಡಂಶದ ವ್ಯತ್ಯಾಸ ಕೆಳತುದಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ನೀರನ್ನು ಕಿತ್ತುಕೊಳ್ಳುತ್ತದೆ. ಸಮಯದ ಲೆಕ್ಕವೂ ಹೀಗೇ. ನೀರು ತಾಸಿಗೆ ಮೂರು ಕಿಲೋಮೀಟರ್ ನಡೆದರೆ ಈ ಉದ್ದ ಕ್ರಮಿಸಲು ಎರಡು ದಿನಕ್ಕೂ ಮೇಲೆ ಬೇಕು. ಬಂದ್ ಇದ್ದು ಒಣಗಿದ ಕಾಲುವೆ ಮೊದಲು ತಾನು ಕುಡಿಯುತ್ತದೆ. 14 ದಿನದ ಪಾಳಿ ಕೊನೆಯ ಹೊಲಕ್ಕೆ 14 ದಿನದ್ದಲ್ಲ. ಇಷ್ಟೆಲ್ಲ ಇದ್ದು ‘ಅಚ್ಚುಕಟ್ಟಿನಲ್ಲಿ ಸರಾಸರಿ ಶೇ 80 ನೀರು ತಲುಪಿತು’ ಎಂದು ತಂತ್ರಾಂಶ ವರದಿ ಕೊಟ್ಟರೆ ಅದು ಅಂಕಗಣಿತದಲ್ಲಿ ನಿಜ, ಹೊಲದಲ್ಲಿ ಸುಳ್ಳು. ತಾಲ್ಲೂಕುವಾರು ಸರಾಸರಿಯೂ ಸಾಲದು. ತಾಲ್ಲೂಕಿನ ಗಡಿಗಳು ನಮ್ಮ ಕಣ್ಣೆದುರೇ ಬದಲಾಗಿವೆ. ಬಸವನಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ, ಮುದ್ದೇಬಿಹಾಳದಿಂದ ತಾಳಿಕೋಟೆ, ಸಿಂದಗಿಯಿಂದ ದೇವರಹಿಪ್ಪರಗಿ, ಇಂಡಿಯಿಂದ ಚಡಚಣ ಬೇರೆಯಾದವು. ಕಾಲುವೆ ಬದಲಾಗಲಿಲ್ಲ. ಆದ್ದರಿಂದ ಲೆಕ್ಕದ ಘಟಕ ವಿತರಣಾ ಕಾಲುವೆ, ಅದರ ಲ್ಯಾಟರಲ್, ಅದರ ತೂಬು ಆಗಬೇಕು. ಫಲವನ್ನು ತೋರಿಸುವಾಗ ಕೊನೆಯ ತೂಬು ಮೊದಲು ಕಾಣಬೇಕು.

ಕೊನೆಯಂಚಿಗೆ ನೀರು ಮುಟ್ಟದಿರಲು ಮಣ್ಣು, ಸಿಮೆಂಟು, ಇಳಿಜಾರು ಮಾತ್ರ ಕಾರಣವಲ್ಲ ಎಂಬುದನ್ನು ಆಲಮಟ್ಟಿ, ನಾರಾಯಣಪುರಗಳನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಚರಿತ್ರೆಯೇ ಹೇಳುತ್ತದೆ. ಈ ಯೋಜನೆಯ ಲೆಕ್ಕ ಹಾಕಿದ್ದು ಹಗುರ ನೀರಾವರಿಯ ಬೆಳೆಗಳಿಗೆ, ಜೋಳ, ಸೇಂಗಾ, ಹತ್ತಿ, ಕಾಳುಕಡಿಗೆ. ನೀರು ಬಂದ ಮೇಲೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ, ಕಬ್ಬು ಬಂದವು. ನಿಷೇಧದ ಬೋರ್ಡು ಇದ್ದರೂ ಬಂದವು. ರೈತನನ್ನು ಇದಕ್ಕೆ ಬೈದು ಉಪಯೋಗವಿಲ್ಲ: ಮನೆ ಬಾಗಿಲಿಗೆ ನೀರು, ಭತ್ತಕ್ಕೆ ಪೇಟೆ, ಕಬ್ಬಿಗೆ ಕಾರ್ಖಾನೆ ಇರುವಾಗ ಯಾರಾದರೂ ಅದನ್ನೇ ಬೆಳೆಯುತ್ತಾರೆ. ತಪ್ಪಿದ್ದು ಲೆಕ್ಕ. ಆ ಲೆಕ್ಕದಲ್ಲಿ ರೈತ ಹೇಳಿದಂತೆ ಕೇಳುವ ಅಂಕಿಯಾಗಿದ್ದ, ಬೆಲೆ ನೋಡಿ ತೀರ್ಮಾನ ಬದಲಿಸುವ ಮನುಷ್ಯನಾಗಿರಲಿಲ್ಲ. ಮೇಲ್ಭಾಗದ ಕೆಲವು ಹೊಲಗಳು ಜವುಳು ಹಿಡಿದದ್ದೂ ಕೆಳಭಾಗದವರು ಹೆದ್ದಾರಿಯಲ್ಲಿ ಕೂತು ನೀರು ಕೇಳಿದ್ದೂ ಇದರ ಫಲವೇ. ನೀರಿನ ಸಿಮ್ಯುಲೇಷನ್ನಿಗೆ ಪೇಟೆಯ ದರವನ್ನೂ ಬೆಳೆಯ ಆಯ್ಕೆಯನ್ನೂ ‘ಇನ್ನೊಬ್ಬರ ಕೈಯಲ್ಲಿರುವ ರೆ’ ಎಂದು ಸೇರಿಸದಿದ್ದರೆ ಅದು ಇನ್ನೊಮ್ಮೆ ಹೀಗೇ ಮೋಸ ಹೋಗುತ್ತದೆ. 2023ರ ಜನವರಿಯಲ್ಲಿ ಉದ್ಘಾಟನೆಯಾದ ನಾರಾಯಣಪುರ ಎಡದಂಡೆ ಆಧುನೀಕರಣದಲ್ಲಿ ಗೇಟುಗಳಿಗೆ ಸ್ಕಾಡಾ ವ್ಯವಸ್ಥೆ ಬಂದಿದೆ. ಎಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ದೂರದಿಂದಲೇ ಕಾಣುವ, ಗೇಟನ್ನು ದೂರದಿಂದಲೇ ಆಡಿಸುವ ಅನುಕೂಲ ಅದು. ದೊಡ್ಡ ಸಂಗತಿ. ಆದರೆ ಈಗ ಏನಾಗುತ್ತಿದೆ ಎಂದು ಅದು ತೋರಿಸುತ್ತದೆ. ಮುಂದಿನ ವರ್ಷ ಭತ್ತದ ಬೆಲೆ ಏರಿದರೆ ಇಂಡಿಯ ತುದಿಗೆ ಏನಾಗುತ್ತದೆ ಎಂದು ಕೇಳಲು ಬೇರೆಯದೇ ಸಾಧನ ಬೇಕು.

ಸನ್ನಿವೇಶಗಳನ್ನು ಇಟ್ಟುಕೊಳ್ಳುವ ಬಗೆಯ ಬಗ್ಗೆ ಒಂದೆರಡು ಮಾತು. ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ರೂಪಿಸಿದ ವೀಪ್ ಎಂಬ ನೀರಿನ ತಂತ್ರಾಂಶದಲ್ಲಿ ಒಂದು ಒಳ್ಳೆಯ ಕಟ್ಟುಪಾಡಿದೆ. ಇಂದಿನ ಸ್ಥಿತಿಯ ಒಂದೇ ಮೂಲ ಖಾತೆ; ಪ್ರತಿ ಸನ್ನಿವೇಶವೂ ಅದರಿಂದ ಹುಟ್ಟಿ, ತಾನು ಏನನ್ನು ಬದಲಿಸಿತೋ ಅಷ್ಟನ್ನು ಮಾತ್ರ ಬರೆದುಕೊಳ್ಳುತ್ತದೆ. ಹೊಲದ ಉತಾರದಲ್ಲಿ ಹೆಸರು ಬದಲಾದದ್ದು ಯಾವ ಮ್ಯುಟೇಶನ್ನಿನಿಂದ ಎಂಬ ನಮೂದು ಇರುತ್ತದಲ್ಲ, ಹಾಗೆ. ಎರಡು ಸನ್ನಿವೇಶಗಳ ಫಲ ಬೇರೆಯಾದರೆ ಯಾವ ಬದಲಾವಣೆಯಿಂದ ಬೇರೆಯಾಯಿತು ಎಂದು ಯಾರು ಬೇಕಾದರೂ ಹಿಡಿದು ತೋರಿಸಬಹುದು. ಹೆಸರಿಡುವುದರಲ್ಲೂ ಎಚ್ಚರ ಬೇಕು. 1972ರಲ್ಲಿ ಎಂಐಟಿಯ ತಂಡವೊಂದು ಕ್ಲಬ್ ಆಫ್ ರೋಮ್‌ಗಾಗಿ ಇಡೀ ಜಗತ್ತಿನ ಜನಸಂಖ್ಯೆ, ಅನ್ನ, ಸಂಪನ್ಮೂಲ, ಮಾಲಿನ್ಯಗಳ ಸಿಮ್ಯುಲೇಷನ್ ಮಾಡಿ ‘ಲಿಮಿಟ್ಸ್ ಟು ಗ್ರೋತ್’ ಎಂಬ ಪುಸ್ತಕ ತಂದಿತು. ಅದರಲ್ಲಿ ಹಲವು ಸನ್ನಿವೇಶಗಳಿದ್ದವು, ಕುಸಿತವನ್ನು ತಪ್ಪಿಸಿಕೊಳ್ಳುವಂಥವೂ ಇದ್ದವು. ಜನರ ನೆನಪಿನಲ್ಲಿ ಉಳಿದದ್ದು ಜಗತ್ತು ಕುಸಿಯುತ್ತದೆ ಎಂಬ ಭವಿಷ್ಯವಾಣಿ. ಒಂದು ಸನ್ನಿವೇಶಕ್ಕೆ ‘ಸ್ಟ್ಯಾಂಡರ್ಡ್’ ಎಂದು ಹೆಸರಿಟ್ಟದ್ದು ಈ ತಪ್ಪು ಗ್ರಹಿಕೆಗೆ ದಾರಿ ಮಾಡಿತು ಎಂದು ನಾನು ಭಾವಿಸುತ್ತೇನೆ. ‘ಸಾಮಾನ್ಯ ಮಳೆ’ ಎಂದು ಒಂದಕ್ಕೆ ಹೆಸರಿಟ್ಟರೆ ಉಳಿದವೆಲ್ಲ ಅಪರೂಪ ಎಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ. ನಮ್ಮ ಸೀಮೆಯಲ್ಲಿ ಮಳೆಯ ಸಾಮಾನ್ಯ ವರ್ಷವೇ ಅಪರೂಪ.

ಇದಕ್ಕೆಲ್ಲ ಆಕ್ಷೇಪಗಳಿವೆ, ಹಗುರವಾದವಲ್ಲ. ಮೊದಲನೆಯದು, ಇಷ್ಟು ವಿವರದ ಮಾಹಿತಿ ನಮ್ಮಲ್ಲಿ ಎಲ್ಲಿದೆ ಎಂಬುದು. ತೂಬಿನ ಮಟ್ಟದ ಅಳತೆ ಎಲ್ಲ ಕಡೆ ಇಲ್ಲ, ಒಪ್ಪುತ್ತೇನೆ. ಆದರೆ ಬರಗಾಲದ ಮೇಲೆ ಕಣ್ಣಿಡಲು 1988ರಲ್ಲೇ ದೇಶದಲ್ಲಿ ಮೊದಲಿಗೆ ಒಂದು ಕೋಶ ಕಟ್ಟಿದ ರಾಜ್ಯ ನಮ್ಮದು. ಅದೇ ಬೆಳೆದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಕಾಲುವೆಯ ಮೇಲೆ ಸ್ಕಾಡಾ ಬಂದಿದೆ. ಇಲ್ಲದ ಅಂಕಿಗೆ ಒಂದೇ ಊಹೆ ಹಾಕುವ ಬದಲು ಇಷ್ಟರಿಂದ ಇಷ್ಟು ಎಂದು ಹರವು ಕೊಟ್ಟರೆ, ಸೋರಿಕೆ ಶೇ 3ರಿಂದ 5 ಎಂದ ಹಾಗೆ, ಆ ಅಜ್ಞಾನದ ಬೆಲೆ ಎಷ್ಟು ಎಂದು ತಂತ್ರಾಂಶವೇ ತೋರಿಸುತ್ತದೆ. ಯಾವ ಅಳತೆಗೆ ಮೊದಲು ಹಣ ಖರ್ಚು ಮಾಡಬೇಕು ಎಂಬುದೂ ಆಗ ಗೊತ್ತಾಗುತ್ತದೆ. ಮಾಹಿತಿ ಪೂರ್ತಿಯಾಗಲಿ ಎಂದು ಕಾಯುತ್ತ ಕೂತರೆ ಯಾವ ಮಾಹಿತಿ ಬೇಕೆಂಬುದೇ ತಿಳಿಯುವುದಿಲ್ಲ. ಖರ್ಚಿನ ಮಾತಂತೂ ಇಲ್ಲಿ ನಿಲ್ಲದು. ಅಮೆರಿಕದ ಸೇನಾ ಎಂಜಿನಿಯರುಗಳ ಜಲ ಕೇಂದ್ರ ಮಾಡಿದ ಪ್ರವಾಹ ಮತ್ತು ಜಲಾಶಯದ ತಂತ್ರಾಂಶಗಳು ಯಾರಿಗಾದರೂ ಉಚಿತ; ವೀಪ್ ನಮ್ಮಂಥ ದೇಶಗಳ ಸರ್ಕಾರಿ ಕಚೇರಿ, ವಿದ್ಯಾಸಂಸ್ಥೆಗಳಿಗೆ ಉಚಿತ.

ಎರಡನೆಯ ಆಕ್ಷೇಪ, ಇದು ತಜ್ಞರ ಕೆಲಸ, ಹಳ್ಳಿಯವರ ಮುಂದಿಟ್ಟರೆ ಗೊಂದಲವಾಗುತ್ತದೆ ಎಂಬುದು. ಹರಿವಿನ ಸಮೀಕರಣ ಬರೆಯುವುದು ತಜ್ಞರ ಕೆಲಸವೇ. ಅದನ್ನು ಸಭೆ ಕೂಡಿಸಿ ಮಾಡಲಾಗದು. ಆದರೆ ಯಾವ ಲ್ಯಾಟರಲ್ಲಿನಲ್ಲಿ ಹೂಳು ತುಂಬಿದೆ, ಎಲ್ಲಿ ರಾತ್ರಿ ಪಂಪ್ ಇಟ್ಟು ನೀರೆತ್ತುತ್ತಾರೆ, ಎಂಥ ವರ್ಷದಲ್ಲಿ ಜನ ಜೋಳ ಬಿಟ್ಟು ಉಳ್ಳಾಗಡ್ಡಿ ಹಚ್ಚುತ್ತಾರೆ ಎಂಬುದರಲ್ಲಿ ತಜ್ಞರು ನೀರು ಬಳಕೆದಾರರ ಸಂಘದವರೇ. ಈ ತಿಳಿವಳಿಕೆ ಒಳಗೆ ಬರಬೇಕಾದರೆ ಪರದೆ ಕನ್ನಡದಲ್ಲಿರಬೇಕು, ಫಲ ಟಿಎಂಸಿ ಅಡಿಯಲ್ಲಿ ಮಾತ್ರವಲ್ಲದೆ ತಾರೀಖಿನಲ್ಲೂ ದಿನಗಳಲ್ಲೂ ಇರಬೇಕು: ಇಂಥ ತೂಬಿಗೆ ಇಂಥ ದಿನ ನೀರು, ಇಷ್ಟು ದಿನ. ಆರಂಭದಲ್ಲಿ ಹೇಳಿದ ಹಾಗೆ ‘ರೆ’ಗಳ ಮೇಲೆ ಬದುಕು ಕಟ್ಟಿಕೊಂಡವರಿಗೆ ಸನ್ನಿವೇಶ ಎಂದರೇನು ಎಂದು ಕಲಿಸಬೇಕಾಗಿಲ್ಲ. ಮೂರನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ನಮ್ಮ ಲೆಕ್ಕವನ್ನು ಬಿಚ್ಚಿಟ್ಟರೆ ನೆರೆರಾಜ್ಯದ ವಕೀಲರು ಅದನ್ನೇ ನಮ್ಮ ವಿರುದ್ಧ ಹಿಡಿಯುವುದಿಲ್ಲವೇ? ಎರಡನೇ ನ್ಯಾಯಮಂಡಳಿಯ ತೀರ್ಪು ಇನ್ನೂ ಗೆಜೆಟ್ಟಿನಲ್ಲಿ ಪ್ರಕಟವಾಗದೆ ಸುಪ್ರೀಂ ಕೋರ್ಟಿನಲ್ಲಿ ನಿಂತಿರುವಾಗ ಈ ಅಂಜಿಕೆ ಸಹಜ. ಆದರೆ ಮುಚ್ಚಿಟ್ಟ ಲೆಕ್ಕ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ಎದುರಿನವರೂ ಮುಚ್ಚಿದ ಲೆಕ್ಕವನ್ನೇ ತರುತ್ತಾರೆ, ಕೊನೆಗೆ ಎರಡು ಕತ್ತಲೆಗಳ ನಡುವೆ ತೀರ್ಪಾಗುತ್ತದೆ. ಮಳೆಗಾಲದಲ್ಲಿ ಎರಡೂ ರಾಜ್ಯಗಳ ಎಂಜಿನಿಯರುಗಳು ಈಗಾಗಲೇ ಒಳಹರಿವು ಹೊರಹರಿವಿನ ಅಂಕಿಗಳನ್ನು ಹಂಚಿಕೊಳ್ಳುತ್ತಾರೆ. ಅಂಕಿ ಹಂಚಿಕೊಂಡವರು ಲೆಕ್ಕ ಹಂಚಿಕೊಳ್ಳುವುದು ಅಸಾಧ್ಯವೇನಲ್ಲ.

ಇನ್ನು ‘ಬಂದರೂ’. ಒಂದು ‘ಊ’ ಸೇರಿ ‘ರೆ’ ಎಂಬುದು ‘ರೂ’ ಆದಾಗ ಅರ್ಥ ಪೂರ್ತಿ ಬದಲಾಗುತ್ತದೆ. ಮಳೆ ಬಂದರೂ ಬಾರದಿದ್ದರೂ ನಿಲ್ಲುವ ತೀರ್ಮಾನ ಯಾವುದು ಎಂದು ಹುಡುಕುವುದೇ ಈ ಎಲ್ಲ ಸನ್ನಿವೇಶಗಳ ಗುರಿ. ಇಂಡಿಯ ಲಿಂಬೆ ತೋಟದ ಮುಂದೆ ನಿಂತರೆ ಇದು ಚೆನ್ನಾಗಿ ತಿಳಿಯುತ್ತದೆ. ಐದು ವರ್ಷದಲ್ಲಿ ಸರಾಸರಿ ಶೇ 80 ನೀರು ಸಿಗುತ್ತದೆ ಎಂದರೆ ಎರಡು ಬಗೆ: ಐದೂ ವರ್ಷ 80ರಂತೆ ಸಿಗಬಹುದು, ಅಥವಾ ನಾಲ್ಕು ವರ್ಷ ಪೂರ್ತಿ ಸಿಕ್ಕು ಐದನೆಯ ವರ್ಷ ಏನೂ ಸಿಗದಿರಬಹುದು. ಜೋಳದ ಹೊಲಕ್ಕೆ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಲಿಂಬೆಗೆ ಆ ಒಂದು ವರ್ಷವೇ ಸಾವು. ಹೊಸ ಗಿಡ ಕಾಯಿ ಬಿಡಲು ಮತ್ತೆ ನಾಲ್ಕೈದು ವರ್ಷ. ಬರದಲ್ಲಿ ಟ್ಯಾಂಕರ್ ನೀರು ಕೊಂಡು ಗಿಡದ ಬುಡಕ್ಕೆ ಹಾಕುವವರು ಸರಾಸರಿಯನ್ನು ನೋಡುವುದಿಲ್ಲ, ಆ ಕೆಟ್ಟ ವರ್ಷವನ್ನು ದಾಟುವುದನ್ನು ನೋಡುತ್ತಾರೆ. ತಂತ್ರಾಂಶವೂ ಅದನ್ನೇ ನೋಡಬೇಕು. ಪ್ರತಿ ತೀರ್ಮಾನಕ್ಕೂ ಅದರ ಅತಿ ಕೆಟ್ಟ ವರ್ಷ ಯಾವುದು, ಆ ವರ್ಷ ಯಾವ ತೂಬಿನಲ್ಲಿ ಏನಾಗುತ್ತದೆ ಎಂದು ಕೇಳಿದ ತಕ್ಷಣ ಹೇಳಬೇಕು. ಹಾಗೆ ಕೇಳಿದಾಗ ಕೆರೆ ತುಂಬಿಸುವ ಕೆಲಸಕ್ಕೆ ಬೇರೆಯದೇ ಬೆಲೆ ಬರಬಹುದು. ಒಳ್ಳೆಯ ವರ್ಷದ ಲೆಕ್ಕದಲ್ಲಿ ಅದು ದುಬಾರಿ ವಿದ್ಯುತ್ತು ಸುಟ್ಟು ನೀರೆತ್ತುವ ಬಾಬತ್ತು. ಕೆಟ್ಟ ವರ್ಷದ ಲೆಕ್ಕದಲ್ಲಿ ಬಾವಿಯ ತಳದಲ್ಲಿ ಉಳಿದ ನೀರು, ಬದುಕಿ ಉಳಿದ ಗಿಡ.

ಆಲಮಟ್ಟಿಯಲ್ಲಿ ನೀರಾವರಿ ಸಲಹಾ ಸಮಿತಿ ಹಿಂಗಾರಿಗೆ ಮುಂಚೆ ಸೇರಿ ಎಷ್ಟು ದಿನ ಚಾಲು, ಎಷ್ಟು ದಿನ ಬಂದ್, ಎಲ್ಲಿಯವರೆಗೆ ಎಂದು ತೀರ್ಮಾನಿಸುತ್ತದೆ. ಆ ಸಭೆಯ ಮೇಜಿನ ಮೇಲೆ ಒಂದು ಹಾಳೆ ಇರಲಿ. ಅಡ್ಡಸಾಲುಗಳಲ್ಲಿ ಮೂರ್ನಾಲ್ಕು ವಾರಾಬಂದಿಗಳು. ಕಂಬಸಾಲುಗಳಲ್ಲಿ ಹಿಂಗಾರು ಮಳೆ ಬಂದರೆ, ಬಾರದಿದ್ದರೆ, ಮೇಲ್ಭಾಗದಲ್ಲಿ ಭತ್ತ ಹಚ್ಚಿದರೆ, ಹಚ್ಚದಿದ್ದರೆ. ಪ್ರತಿ ಖಾನೆಯಲ್ಲೂ ಎರಡೇ ಎರಡು ನಮೂದು ಸಾಕು: ಇಂಡಿ ಶಾಖಾ ಕಾಲುವೆಯ ಕೊನೆಯ ತೂಬಿಗೆ ನೀರು ಯಾವ ತಾರೀಖು ಮುಟ್ಟುತ್ತದೆ, ಜೋಳ ತೆನೆ ಕಟ್ಟುವ ಹೊತ್ತಿಗೆ ಇನ್ನೂ ಎಷ್ಟು ದಿನ ಹರಿಯುತ್ತಿರುತ್ತದೆ. ಅದೇ ಹಾಳೆಯ ಪ್ರತಿಯನ್ನು ಆ ಕೊನೆಯ ತೂಬಿರುವ ಊರಿನ ಪಂಚಾಯಿತಿ ಕಟ್ಟೆಯಲ್ಲಿ, ನೀರು ಬಿಡುವ ಮುಂಚೆಯೇ, ಅಂಟಿಸಬಹುದು.